ಅಭ್ಯಂಗದ್ರೋಣಿಯ ಆಯ್ಕೆ: ದಾರ್ಢ್ಯದ ವಿಚಾರ

ಸಂಸ್ಕೃತದ 'ದ್ರೋಣಿ' ಎಂಬ ಶಬ್ದವೇ ಕನ್ನಡದಲ್ಲಿ 'ದೋಣಿ'ಯಾಗಿದೆ. ಮರವನ್ನು ತೋಡಿ ಮಾಡಿದ, ಅಂಚು ಎತ್ತರವಾಗಿರುವ ಪಾತ್ರೆ ಎಂಬ ಭಾವ ಎರಡರಲ್ಲಿಯೂ ಉಂಟು. ಹೊಳೆಯ ದೋಣಿ ನೀರನ್ನು ಹೊರಗಿಡುತ್ತದೆ. ವೈದ್ಯಶಾಲೆಯ ದ್ರೋಣಿ ತೈಲವನ್ನು ಒಳಗಿಡುತ್ತದೆ. ಭರತನು ಬರುವವರೆಗೆ ದಶರಥನ ದೇಹವನ್ನು ತೈಲದ್ರೋಣಿಯಲ್ಲಿ ಇರಿಸಿದ ಪ್ರಸಂಗ ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಬರುವುದನ್ನು ವಾಚಕರು ಬಲ್ಲರು. ಕೇರಳದ ವೈದ್ಯಪರಂಪರೆಯಲ್ಲಿ ಪ್ರಸಿದ್ಧವಾದ 'ಧಾರಾಕಲ್ಪ'ವು ದ್ರೋಣಿಗೆ ಯೋಗ್ಯವಾದ ಮರಗಳನ್ನು ಹೆಸರಿಸಿ, ಅದರ ಉದ್ದವನ್ನು ನಾಲ್ಕು ಹಸ್ತವೆಂದು ವಿಧಿಸುತ್ತದೆ. ಅತ್ತಿ, ದೇವದಾರು, ಬಿಲ್ವ, ಬೇವು ಆ ಪಟ್ಟಿಯಲ್ಲಿ ಸೇರಿವೆ. ಹಸ್ತವೊಂದಕ್ಕೆ 45 ಸೆಂಟಿಮೀಟರ್ ಎಂದು ಹಿಡಿದರೆ ಇದು 180 ಸೆಂಟಿಮೀಟರ್ ಆಗುತ್ತದೆ. ಆಳುದ್ದದ ರೋಗಿ ಕಾಲು ಚಾಚಿ ಮಲಗಬೇಕಾದರೆ ಇದಕ್ಕಿಂತ ಸ್ವಲ್ಪ ಹೆಚ್ಚೇ ಬೇಕು.

ಪ್ರಾಚೀನರು ಮರವನ್ನೂ ಅಳತೆಯನ್ನೂ ಹೇಳಿದರು. ಇಂದು ಹೊಸದಾಗಿ ಚಿಕಿತ್ಸಾಲಯವನ್ನು ತೆರೆಯುವ ವೈದ್ಯನಿಗೆ ಮಾರುವವನು ಹೇಳುವುದು ಒಂದೇ ಒಂದು ಸಂಖ್ಯೆಯನ್ನು: 'ಇದು ಇಷ್ಟು ಕಿಲೋಗ್ರಾಂ ತಡೆಯುತ್ತದೆ.' ಆ ಸಂಖ್ಯೆಯ ಅರ್ಥವೇನು, ಅದು ಹೇಳದೆ ಬಿಡುವುದೇನು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ದ್ರೋಣಿಯ ಮೇಲೆ ಮಲಗುವವನು ಅನೇಕ ವೇಳೆ ಪಕ್ಷಾಘಾತಪೀಡಿತನು, ಇಲ್ಲವೆ ಮೂಳೆ ಸವೆದ ವೃದ್ಧನು. ಮೈಯೆಲ್ಲ ಎಣ್ಣೆಯಾಗಿರುವಾಗ ಹಿಡಿದುಕೊಳ್ಳಲು ಆತನಿಗೆ ಯಾವ ಆಸರೆಯೂ ಇರುವುದಿಲ್ಲ. ಸಾಧಾರಣ ಮೇಜು ಅಲುಗಿದರೆ ಮಸಿ ಚೆಲ್ಲೀತು. ಇದು ಅಲುಗಿದರೆ ಒಬ್ಬ ಮನುಷ್ಯನ ತೊಡೆಯ ಮೂಳೆ ಮುರಿದೀತು.

1. ಭಾರದ ಎರಡು ಬಗೆ

ಮೆಲ್ಲನೆ ಇಟ್ಟು ಕದಲಿಸದೆ ಬಿಟ್ಟ ಭಾರವನ್ನು ಸ್ಥಿರಭಾರವೆನ್ನುತ್ತೇವೆ. ಹಲವು ಮಾರಾಟಪತ್ರಗಳಲ್ಲಿ ಮುದ್ರಿತವಾಗುವ ದೊಡ್ಡ ಸಂಖ್ಯೆ ಇದೇ. ಆದರೆ ರೋಗಿ ಅಕ್ಕಿಯ ಮೂಟೆಯಲ್ಲ. ಅವನು ಅಂಚಿನ ಮೇಲೆ ಕುಳಿತುಕೊಳ್ಳುತ್ತಾನೆ, ಹೊರಳುತ್ತಾನೆ, ಮೊಣಕೈಯೂರಿ ಏಳುತ್ತಾನೆ. ಎರಡು ಪಕ್ಕದಲ್ಲಿ ನಿಂತ ಪರಿಚಾರಕರು ತಮ್ಮ ಮೈಭಾರವನ್ನು ಅವನ ಮೇಲೆ ಬಿಡುತ್ತಾರೆ. ಯಂತ್ರಶಾಸ್ತ್ರದ ನಿಯಮವೊಂದನ್ನು ಇಲ್ಲಿ ಸ್ಮರಿಸಬೇಕು: ಭಾರವನ್ನು ಎತ್ತರದಿಂದ ಬೀಳಿಸದಿದ್ದರೂ, ಒಮ್ಮೆಗೇ ಹೇರಿದಾಗ, ಮೆಲ್ಲನೆ ಹೇರಿದಾಗ ಉಂಟಾಗುವುದರ ಎರಡರಷ್ಟು ಬಾಗು ಉಂಟಾಗುತ್ತದೆ. ಎತ್ತರದಿಂದ ಬಿದ್ದರೆ ಎರಡರಷ್ಟಕ್ಕೂ ಮೀರುತ್ತದೆ. ಆದುದರಿಂದ 100 ಕಿಲೋಗ್ರಾಂ ತೂಕದವನು ಧೊಪ್ಪನೆ ಕುಳಿತಾಗ ಮೇಜು 200 ಕಿಲೋಗ್ರಾಮಿಗಿಂತ ಹೆಚ್ಚಿನ ಭಾರಕ್ಕೆ ಒಳಗಾಗುತ್ತದೆ. ಕೊಳ್ಳುವವನು ಕೇಳಬೇಕಾದ ಸಂಖ್ಯೆ ಸ್ಥಿರಭಾರದ್ದಲ್ಲ, ಕೆಲಸದ ವೇಳೆಯ ಭಾರದ್ದು.

2. ಬಾಗು ಮತ್ತು ಓಲಾಟ

ಹಲಗೆಯನ್ನು ಹೊತ್ತ ಉದ್ದಪಟ್ಟಿಗಳೇ ಬಾಗನ್ನು ತಡೆಯತಕ್ಕವು. ಪಟ್ಟಿಯ ಅಗಲವನ್ನು ಇಮ್ಮಡಿ ಮಾಡಿದರೆ ಬಾಗು ಅರ್ಧವಾಗುತ್ತದೆ. ನಿಲುವಿನ ಅಳತೆಯನ್ನು ಇಮ್ಮಡಿ ಮಾಡಿದರೆ ಎಂಟರಲ್ಲೊಂದು ಪಾಲಾಗುತ್ತದೆ. 8 ಸೆಂಟಿಮೀಟರ್ ನಿಲುವಿನ ಪಟ್ಟಿಗೆ ಬದಲಾಗಿ 10 ಸೆಂಟಿಮೀಟರಿನದನ್ನು ಹಾಕಿದರೆ ಮರದ ಖರ್ಚು ಕಾಲು ಭಾಗ ಹೆಚ್ಚುವುದು, ಗಟ್ಟಿತನ ಹೆಚ್ಚುಕಡಿಮೆ ಎರಡರಷ್ಟಾಗುವುದು. ಪಟ್ಟಿಯನ್ನು ಮಲಗಿಸದೆ ನಿಲ್ಲಿಸಿ ಜೋಡಿಸುವ ಬಡಗಿಗಳ ರೂಢಿಗೆ ಇದೇ ಕಾರಣ.

ಆದರೆ ಅನುಭವದಲ್ಲಿ ಮೇಜುಗಳು ಬಾಗಿ ಮುರಿಯುವುದು ಅಪೂರ್ವ. ಓಲಾಡಿ ಸಡಿಲವಾಗುವುದೇ ಹೆಚ್ಚು. ಅಭ್ಯಂಗದಲ್ಲಿ ಕೈಗಳು ತಲೆಯಿಂದ ಪಾದದವರೆಗೆ ಉದ್ದಕ್ಕೆ ಓಡುತ್ತವೆ. ದಿನವೆಲ್ಲ ಮೇಜನ್ನು ಹಿಂದಕ್ಕೂ ಮುಂದಕ್ಕೂ ನೂಕುತ್ತವೆ. ಮೇಲಣ ಪಟ್ಟಿ, ಎರಡು ಕಾಲು, ನೆಲ, ಈ ನಾಲ್ಕು ಬದಿಗಳ ಚೌಕಟ್ಟು ಮೂಲೆಗಳಲ್ಲಿ ಮಾತ್ರ ಕೂಡಿರುವುದರಿಂದ ಒತ್ತಿದರೆ ಓರೆಯಾಗುತ್ತದೆ. ತ್ರಿಕೋಣ ಹಾಗಾಗದು, ಬದಿಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗಲಾರದು. ಆದಕಾರಣ ಕಾಲಿನಿಂದ ಉದ್ದಪಟ್ಟಿಗೆ ಓರೆಪಟ್ಟಿಯುಂಟೇ ಎಂದು ಬಗ್ಗಿ ನೋಡಬೇಕು. ಮಡಚುವ ಮೇಜುಗಳಲ್ಲಿ ಅಡಿಯಲ್ಲಿ ಬಿಗಿದಿರುವ ಉಕ್ಕಿನ ತಂತಿಗಳು ಮಾಡುವುದೂ ಈ ಕೆಲಸವನ್ನೇ. ಕೂಡಿಕೆಗಳಲ್ಲಿ, ಒಂದು ಮರದ ಮೊನೆಯನ್ನು ಇನ್ನೊಂದರ ತೂತಿಗೆ ಬಿಗಿಯಾಗಿ ಸೇರಿಸಿ ಬೆಣೆ ಹೊಡೆದದ್ದು ಉತ್ತಮ. ಬೋಲ್ಟು ಹಾಕಿ ಬಿಗಿದದ್ದು ಮಧ್ಯಮ, ಆಗಾಗ್ಗೆ ಬಿಗಿ ಮಾಡಿದರೆ ಇದೂ ಬಾಳುತ್ತದೆ. ಮೊಳೆ ಮಾತ್ರ ಹೊಡೆದದ್ದು ತ್ಯಾಜ್ಯ.

3. ಬುಡಮೇಲಾಗುವ ಅಪಾಯ

ಹಲಗೆಯ ತುದಿ ಕಾಲುಗಳನ್ನು ದಾಟಿ ಹೊರಚಾಚಿದ್ದರೆ ಇನ್ನೊಂದು ಪ್ರಶ್ನೆ ಏಳುತ್ತದೆ. 15 ಕಿಲೋಗ್ರಾಂ ತೂಕದ ಮಡಚುಮೇಜೊಂದರ ಕಾಲಿನಿಂದ ನಡುವಿಗೆ 70 ಸೆಂಟಿಮೀಟರ್, ಕಾಲಿನಿಂದ ತುದಿಗೆ 30 ಸೆಂಟಿಮೀಟರ್ ಇದೆಯೆಂದು ಭಾವಿಸೋಣ. 80 ಕಿಲೋಗ್ರಾಮಿನ ರೋಗಿ ತುದಿಯ ಮೇಲೆ ಕುಳಿತರೆ ಎತ್ತುವ ಬಲದ ಲೆಕ್ಕ 80 × 30 = 2400; ಹಿಡಿದಿಡುವ ಬಲದ ಲೆಕ್ಕ 15 × 70 = 1050. ಮೇಜು ಮಗುಚಿಕೊಳ್ಳುತ್ತದೆ. ಅದೇ ಅಳತೆಯ ಮರದ ದ್ರೋಣಿ 60 ಕಿಲೋಗ್ರಾಂ ತೂಗಿದರೆ 60 × 70 = 4200 ಆಗಿ, ಮೇಜು ನಿಲ್ಲುತ್ತದೆ. ಹಗುರ ಮೇಜಿನಲ್ಲಿ ಹೊರಚಾಚು 13 ಸೆಂಟಿಮೀಟರನ್ನು ಮೀರಿದರೆ ಈ ರೋಗಿಗೆ ಅಪಾಯ. ಹಗುರವಾಗಿರುವುದು ಹೊತ್ತೊಯ್ಯುವವನಿಗೆ ಗುಣ, ಕುಳಿತುಕೊಳ್ಳುವವನಿಗೆ ದೋಷ. ಊರೂರಿಗೆ ಹೋಗಿ ಚಿಕಿತ್ಸೆ ಮಾಡುವವನಿಗೆ ಮಡಚುಮೇಜು ಅನಿವಾರ್ಯವಾದರೆ, ರೋಗಿಯನ್ನು ಯಾವಾಗಲೂ ಎರಡು ಜೊತೆ ಕಾಲುಗಳ ನಡುವೆ, ಪಕ್ಕದಿಂದ ಹತ್ತಿಸತಕ್ಕದ್ದು.

4. ಮರ ಮತ್ತು ಇತರ ದ್ರವ್ಯಗಳು

ಒಂದೇ ದಿಮ್ಮಿಯನ್ನು ತೋಡಿ ಮಾಡಿದ ದ್ರೋಣಿ ಶ್ರೇಷ್ಠವೆಂಬ ಭಾವನೆ ಇಂದಿಗೂ ಇದೆ. ತೈಲ ಸೋರಲು ಸಂದಿಯಿಲ್ಲವೆಂಬುದು ಅದರ ಗುಣ. ಆದರೆ ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಅಡ್ಡಲಾಗಿ ಕುಗ್ಗುವುದೇ ಹೆಚ್ಚು, ಅದರಲ್ಲಿಯೂ ವರ್ಷಬಳೆಗಳ ಗುಂಟ ಕುಗ್ಗುವುದು ತಿರುಳಿನಿಂದ ಹೊರಮುಖವಾಗಿ ಕುಗ್ಗುವುದರ ಸುಮಾರು ಎರಡರಷ್ಟು. ಈ ಅಸಮತೆಯಿಂದ, ನಡುದಿರುಳನ್ನು ಒಳಗೊಂಡ ದಿಮ್ಮಿ ಒಣಗುತ್ತ ತಿರುಳಿನ ಕಡೆಗೆ ಸೀಳು ಬಿಡುತ್ತದೆ. ಕರಾವಳಿಯ ತೇವದಲ್ಲಿ ಮಾಡಿದ ದ್ರೋಣಿಯನ್ನು ಬಯಲುಸೀಮೆಗೆ ತಂದಾಗ ಬಿರುಕು ಕಾಣಿಸುವುದರ ರಹಸ್ಯವಿದು. ಚೆನ್ನಾಗಿ ಒಣಗಿಸಿದ, ತಿರುಳನ್ನು ಬಿಟ್ಟು ಕೊಯ್ದ ಹಲಗೆಗಳನ್ನು ಕೂಡಿಸಿದ ದ್ರೋಣಿಯೇ ಇಂದಿನ ಮಟ್ಟಿಗೆ ಹೆಚ್ಚು ನಂಬಲರ್ಹ. ಹಳೆಯ ಹೆಮ್ಮರಗಳು ವಿರಳವಾಗಿರುವಾಗ ಒಂದು ಮೇಜಿಗಾಗಿ ಅಂಥದೊಂದನ್ನು ಉರುಳಿಸದಿರುವುದೂ ವಿವೇಕವೇ. ತೇಗ, ಹೊನ್ನೆ, ಹಲಸು, ಬೇವು ಇವುಗಳಲ್ಲಿ ಯಾವುದಾದರೂ ಸರಿ. ಹೊರಗಿನ ಬಿಳಿಭಾಗವನ್ನು ತೆಗೆದು ಚೇಗನ್ನು ಮಾತ್ರ ಬಳಸಬೇಕು.

ಉಕ್ಕನ್ನು ತೊಳೆಯುವುದು ಸುಲಭ, ಆದರೆ ತುಕ್ಕು ಹಿಡಿಯದ ಉಕ್ಕು ಮರಕ್ಕಿಂತ ಸುಮಾರು ನೂರು ಮಡಿ ಬೇಗ ಶಾಖವನ್ನು ಹೀರುತ್ತದೆ. ಬಿಸಿ ತೈಲವನ್ನು ಹಚ್ಚಿಸಿಕೊಂಡ ವಾತರೋಗಿಯ ಬೆನ್ನಿಗೆ ಆ ತಣ್ಪು ಹಿತವಲ್ಲ. ಗಾಜಿನ ನಾರಿನಿಂದ ಮಾಡಿದ ದ್ರೋಣಿ ಹಗುರ, ಬಿರುಕಿಲ್ಲದ್ದು. ಅದರಡಿಯ ಚೌಕಟ್ಟು ಗಟ್ಟಿಯಾಗಿದ್ದರೆ ಸಾಕು. ಮೆತ್ತೆ ಹೊದಿಸಿದ ಮೇಜು ತೈಲ ಅಲ್ಪವಾಗಿರುವ ಚಿಕಿತ್ಸೆಗೆ ಯೋಗ್ಯ. ತೈಲ ಹರಿಯುವ ಚಿಕಿತ್ಸೆಗೆ ಅಲ್ಲ. ಎಣ್ಣೆಯು ಪ್ಲಾಸ್ಟಿಕ್ ಹೊದಿಕೆಯನ್ನು ಮೆದುವಾಗಿಡುವ ದ್ರವ್ಯವನ್ನು ಎಳೆದುಕೊಳ್ಳುವುದರಿಂದ ಹೊದಿಕೆ ಪೆಡಸಾಗಿ ಸೀಳುತ್ತದೆ. ಸೀಳಿನಲ್ಲಿ ಸೇರಿದ ಎಣ್ಣೆ ಕಮಟುತ್ತದೆ.

5. ಎತ್ತರ

ನೆಟ್ಟಗೆ ನಿಂತು ಕೈಯನ್ನು ಜೋಲುಬಿಟ್ಟಾಗ ಮುಷ್ಟಿಯ ಗೆಣ್ಣುಗಳು ಹಲಗೆಗೆ ತಾಗುವಷ್ಟು ಎತ್ತರ ಪರಿಚಾರಕನಿಗೆ ಅನುಕೂಲವೆಂಬ ರೂಢಿಯಿದೆ. ಇದಕ್ಕಿಂತ ತಗ್ಗಾದರೆ ಅವನ ಸೊಂಟ ನೋಯುತ್ತದೆ, ಎತ್ತರವಾದರೆ ಹೆಗಲು. ಆದರೆ ಗಾಲಿಕುರ್ಚಿಯ ಆಸನದ ಎತ್ತರ ಸುಮಾರು 45ರಿಂದ 50 ಸೆಂಟಿಮೀಟರ್; ಅಲ್ಲಿಂದ 70 ಸೆಂಟಿಮೀಟರಿನ ದ್ರೋಣಿಗೆ ಅಶಕ್ತನನ್ನು ಎತ್ತುವುದು ಇಬ್ಬರ ಕೆಲಸ. ರೋಗಿಯ ಹಿತವೂ ಪರಿಚಾರಕನ ಹಿತವೂ ಇಲ್ಲಿ ಪರಸ್ಪರ ವಿರುದ್ಧವಾಗುತ್ತವೆ. ಪಕ್ಷಾಘಾತದ ರೋಗಿಗಳೇ ಹೆಚ್ಚಾಗಿ ಬರುವಲ್ಲಿ ಏರಿಳಿಸಬಹುದಾದ ಮೇಜಿಗೆ ಹಣ ವೆಚ್ಚಮಾಡುವುದು ನ್ಯಾಯ. ಅದು ಸಾಧ್ಯವಿಲ್ಲದಿದ್ದರೆ, ಅಗಲವಾದ, ಜಾರದ ಮೆಟ್ಟಿಲುಪೀಠವೊಂದು ಬೇಕೇ ಬೇಕು.

6. ಕೊಳ್ಳುವ ಮುನ್ನ

ದ್ರೋಣಿಯನ್ನು ಸಮನೆಲದ ಮೇಲಿರಿಸಿ ತಲೆಯ ಕಡೆಯಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಸೊಂಟದಿಂದ ನೂಕಿ, ಕಿರುಗುಟ್ಟುವ ಸದ್ದಿಗೆ ಕಿವಿಗೊಡಬೇಕು. ನಂತರ ಮೇಲೆ ಮಲಗಿ ಹೊರಳಬೇಕು. ಇನ್ನೊಬ್ಬರು ಹಿಡಿದಿರುವಾಗ ತುದಿಯಲ್ಲಿ ಕುಳಿತು ನೋಡಬೇಕು. ಕೊನೆಯಲ್ಲಿ ತಂಬಿಗೆ ನೀರನ್ನು ಸುರಿದು ಅದು ಎಲ್ಲಿಯೂ ನಿಲ್ಲದೆ ರಂಧ್ರದ ಕಡೆಗೆ ಹರಿಯುವುದೇ ಎಂದು ಪರೀಕ್ಷಿಸಬೇಕು. ಇಳಿಜಾರು 2 ಮೀಟರ್ ಉದ್ದಕ್ಕೆ 2 ಸೆಂಟಿಮೀಟರ್ ಇದ್ದರೆ ಸಾಕು; ಹೆಚ್ಚಾದರೆ ಎಣ್ಣೆಯ ಮೈ ಜಾರುತ್ತದೆ. ಕೊಂಡ ಮೇಲೂ ತಿಂಗಳಿಗೊಮ್ಮೆ ಕೂಡಿಕೆಗಳನ್ನು ಬಿಗಿಮಾಡಿ ಇದೇ ಪರೀಕ್ಷೆಗಳನ್ನು ಪುನಃ ನಡೆಸತಕ್ಕದ್ದು.

ಇವುಗಳಲ್ಲಿ ಯಾವುದಕ್ಕೂ ಯಂತ್ರ ಬೇಕಿಲ್ಲ, ಅರ್ಧ ಗಂಟೆಯ ಕಾಲ ಸಾಕು. ಹಣ ಕಡಮೆಯಿರುವ ವೈದ್ಯನು ಹೊಳಪನ್ನೂ ಕೆತ್ತನೆಯನ್ನೂ ಬಿಟ್ಟುಕೊಡಬಹುದು. ಓರೆಪಟ್ಟಿಯನ್ನೂ ಒಣಗಿದ ಮರವನ್ನೂ ಬಿಟ್ಟುಕೊಡಲಾಗದು. ಮೈಯನ್ನು ಸಡಿಲಬಿಡು ಎಂದು ರೋಗಿಗೆ ಹೇಳುವವನು, ಆ ಮೈಯನ್ನು ಹೊತ್ತಿರುವ ಮರ ಸಡಿಲವಾಗಿಲ್ಲವೆಂಬುದನ್ನು ಮೊದಲು ತಾನು ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ.