ಲೇಸರ್ ಲೇಸೇ?

1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದರು. ಅದೇ ವಂಶದ ಕಿರಣಗಳು ಇಂದು ದಂತವೈದ್ಯರ ಕೊಠಡಿಯಲ್ಲಿ ಹಲ್ಲನ್ನು ಬೆಳ್ಳಗಾಗಿಸುವ ಕಾರ್ಯಕ್ಕೂ ಒದಗಿವೆ. ಆದರೆ ಕಲೆ ಕಳೆಯುವುದು ಬೆಳಕಲ್ಲ, ಹಲ್ಲಿಗೆ ಲೇಪಿಸುವ ಹೈಡ್ರೋಜನ್ ಪೆರಾಕ್ಸೈಡ್. ಅದು ಎನಾಮಲ್ಲಿನೊಳಕ್ಕೆ ಇಳಿದು ಬಣ್ಣದ ಅಣುಗಳನ್ನು ಒಡೆಯುತ್ತದೆ. ಲೇಸರ್ ಆ ಲೇಪವನ್ನು ಚುರುಕುಗೊಳಿಸುವುದೆಂದು ಹೇಳುವುದುಂಟು. ಲೇಪವೊಂದರಿಂದಲೇ ದೊರೆಯುವುದಕ್ಕಿಂತ ಬಾಳಿಕೆಯ ಬಿಳುಪನ್ನು ಅದು ಕೊಡುವುದೆಂದು ಪರೀಕ್ಷೆಗಳು ಖಚಿತಪಡಿಸಿಲ್ಲ. ಶಾಖ ಮಿತಿಮೀರಿದರೆ ಹಲ್ಲಿನೊಳಗಿನ ನರಕ್ಕೆ ಅಪಾಯ. ವಸಡನ್ನು ಮುಚ್ಚಿ ಕಾಪಾಡದಿದ್ದರೆ ಔಷಧವು ಅದನ್ನು ಸುಡುತ್ತದೆ. ಕೆಲವರಿಗೆ ಕೆಲವು ದಿನ ತಣ್ಣೀರು ಕುಡಿದರೂ ಹಲ್ಲು ಜುಮ್ಮೆನ್ನುತ್ತದೆ. ಕಟ್ಟಿಸಿದ ಹಲ್ಲಿನ ಬಣ್ಣವಂತೂ ಬದಲಾಗದು. ಮದುವೆಗೆ ಮುನ್ನ ನಗೆಯನ್ನು ಬೆಳಗಿಸಹೊರಟವರು ಮೊದಲು ಹುಳುಕಿನ ಪರೀಕ್ಷೆ ಮಾಡಿಸಿಕೊಳ್ಳಲಿ. ಕಿರಣಕ್ಕೆಂದು ಹೆಚ್ಚು ಹಣ ತೆರುವ ಮೊದಲು ಅದರಿಂದಾಗುವ ಲಾಭವೇನೆಂದು ವೈದ್ಯರನ್ನೇ ಕೇಳಲಿ.