ಕಂಪನಿ ಉಳಿಸಿದ ಕಾರಿಗೇ ಕಿಮ್ಮತ್ತಿಲ್ಲ

ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ತೇರಿನ ಬೀದಿಯಾಗುತ್ತದೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನವರೆಗೆ ರಸ್ತೆಯ ಎರಡೂ ಬದಿಯಲ್ಲಿ ಜನ ಮಡಚುವ ಕುರ್ಚಿ ಹಾಕಿಕೊಂಡು ಬೆಳಗ್ಗೆಯಿಂದಲೇ ಕೂತಿರುತ್ತಾರೆ. 1995ರಲ್ಲಿ ಶುರುವಾದ ‘ಡ್ರೀಮ್ ಕ್ರೂಸ್’ ಎಂಬ ಈ ಕಾರು ಜಾತ್ರೆಯಲ್ಲಿ ಮಸ್ಟಾಂಗ್, ಕಮಾರೊ, ಜಿಟಿಒಗಳು ಗುಡುಗುತ್ತ ಹೋದರೆ ಶಿಳ್ಳೆಯ ಮೇಲೆ ಶಿಳ್ಳೆ. ಅವುಗಳ ಹಿಂದೆ ನನ್ನ 1987ರ ಕೆಂಪು ಪೋರ್ಷೆ 944 ಹೋಗುವಾಗ ಅದೇ ಜನ ಬುತ್ತಿ ಬಿಚ್ಚುತ್ತಾರೆ. ಒಂದು ವರ್ಷ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಒಬ್ಬ ಹಿರಿಯರು ಕುರ್ಚಿಯಿಂದ ಎದ್ದು ಬಂದರು. ಬಾನೆಟ್ಟಿನ ಮೇಲೆ ಮೆಲ್ಲಗೆ ಕೈಯಿಟ್ಟು, ‘ನನ್ನ ಹತ್ತಿರವೂ ಒಂದಿತ್ತು. ಕ್ಲಚ್ ಹೋಯಿತು. ಗುಜರಿಗೆ ಕೊಟ್ಟುಬಿಟ್ಟೆ’ ಎಂದರು. ಸಿಗ್ನಲ್ ಹಸಿರಾದರೂ ಅವರು ಕೈ ತೆಗೆಯಲಿಲ್ಲ.

ಈ ‘ಒಂದಿತ್ತು’ ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಾಲೇಜಿನಲ್ಲಿದ್ದಾಗ ಒಂದಿತ್ತು, ಮದುವೆಗೆ ಮುಂಚೆ ಒಂದಿತ್ತು, ಅಣ್ಣನ ಹತ್ತಿರ ಒಂದಿತ್ತು. ‘ಇದೆ’ ಅನ್ನುವವರು ಸಿಗುವುದೇ ಅಪರೂಪ. 944 ಒಂದೇ ಮಾದರಿ 1 ಲಕ್ಷ 60 ಸಾವಿರಕ್ಕೂ ಹೆಚ್ಚು ತಯಾರಾಗಿತ್ತು. ಅಪಘಾತದಲ್ಲಿ ಹೋದವು ಕೆಲವು, ತುಕ್ಕು ತಿಂದವು ಕೆಲವು. ಆದರೆ ಹೆಚ್ಚಿನವು ಅಗ್ಗವಾದದ್ದರಿಂದಲೇ ಸತ್ತವು ಎಂಬುದು ನನ್ನ ಖಚಿತ ಅಭಿಪ್ರಾಯ. ಪೋರ್ಷೆಯದೇ ದುಬಾರಿ ಮಾದರಿ 911ರ ಎಂಜಿನ್ ಕೈಕೊಟ್ಟರೆ ಮಾಲೀಕ ಸಾಲ ಮಾಡಿಯಾದರೂ ರಿಪೇರಿ ಮಾಡಿಸುತ್ತಾನೆ. ಕಾರಿನ ಬೆಲೆ ಆ ಖರ್ಚನ್ನು ತಡೆದುಕೊಳ್ಳುತ್ತದೆ. 944ರ ಕ್ಲಚ್ ಹೋದರೆ, ಅದನ್ನು ಬದಲಿಸುವ ಖರ್ಚು ಕಾರು ಅಗ್ಗವಾಗಿದ್ದ ಕಾಲದಲ್ಲಿ ಇಡೀ ಕಾರಿನ ಬೆಲೆಯನ್ನೇ ಮೀರುತ್ತಿತ್ತು. ಒಳ್ಳೆಯ ಸ್ಥಿತಿಯಲ್ಲಿದ್ದ ಬಾಡಿ, ಕೆಡದ ಎಂಜಿನ್, ಹರಿಯದ ಸೀಟು ಎಲ್ಲವೂ ಒಂದು ಕ್ಲಚ್ ಪ್ಲೇಟಿನ ಜೊತೆಗೆ ಗುಜರಿ ಅಂಗಳ ಸೇರಿದವು.

ಕ್ಲಚ್ಚಿಗೆ ಅಷ್ಟು ಖರ್ಚು ಯಾಕೆ ಎಂದು ಕೇಳಬಹುದು. ಆ ಕಾರಿನ ಹೆಚ್ಚುಗಾರಿಕೆ ಇರುವುದೇ ಅಲ್ಲಿ. ಇದರ ಎಂಜಿನ್ ಮುಂದಿದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ನಡುವೆ ಇದೆ. ಎರಡನ್ನೂ ಒಂದು ಉದ್ದನೆಯ ಉಕ್ಕಿನ ಕೊಳವೆ ಜೋಡಿಸುತ್ತದೆ. ಅದರೊಳಗೆ ಸಪೂರ ಶಾಫ್ಟೊಂದು ಎಂಜಿನ್ ವೇಗದಲ್ಲೇ ತಿರುಗುತ್ತದೆ. ಭಾರ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮಪಾಲಾಗುವುದರಿಂದ ತಿರುವಿನಲ್ಲಿ ಈ ಕಾರು ತಕ್ಕಡಿಯ ಹಾಗೆ ನಿಲ್ಲುತ್ತದೆ. ಸ್ಟೀರಿಂಗ್ ತಿರುಗಿಸಿದಷ್ಟೇ ತಿರುಗುತ್ತದೆ, ಎಳೆದಾಡುವುದಿಲ್ಲ. ಆದರೆ ಕ್ಲಚ್ ಇರುವುದು ಎಂಜಿನ್ನಿನ ಬೆನ್ನಿಗೆ. ಅದನ್ನು ಮುಟ್ಟಬೇಕಾದರೆ ಸೈಲೆನ್ಸರ್ ಬಿಚ್ಚಬೇಕು, ಗೇರ್‌ಬಾಕ್ಸ್ ಇಳಿಸಬೇಕು, ಆ ಕೊಳವೆಯನ್ನು ಹಿಂದಕ್ಕೆ ಸರಿಸಬೇಕು. ನಾನು ಮತ್ತು ಗೆಳೆಯನೊಬ್ಬ ನಮ್ಮ ಗ್ಯಾರೇಜಿನಲ್ಲೇ ನಾಲ್ಕು ವಾರಾಂತ್ಯ ಅದರಡಿ ಮಲಗಿದ್ದೆವು. 4,500 ಡಾಲರ್ ಕೊಟ್ಟು ಕೊಂಡ ಕಾರು ಅದು. ಕೂಲಿ ಕೊಟ್ಟು ಮಾಡಿಸುವ ಹಾಗಿದ್ದರೆ ನಾನೂ ಇವತ್ತು ‘ಒಂದಿತ್ತು’ ಅನ್ನುವವರ ಪೈಕಿಯೇ.

ಇದರ ಹಿಂದಿನ ಕಥೆ ಗೊತ್ತಾದ ಮೇಲೆ ಈ ತಾತ್ಸಾರ ಇನ್ನಷ್ಟು ನೋಯಿಸುತ್ತದೆ. ಎಪ್ಪತ್ತರ ದಶಕದ ಆರಂಭದಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ತನಗೊಂದು ಸ್ಪೋರ್ಟ್ಸ್ ಕಾರು ಮಾಡಿಕೊಡಿ ಎಂದು ಪೋರ್ಷೆಗೆ ಕೆಲಸ ವಹಿಸಿತು. ವಿನ್ಯಾಸ ಮುಗಿಯುವ ಹೊತ್ತಿಗೆ ತೈಲ ಬಿಕ್ಕಟ್ಟು ಬಂತು. ಫೋಕ್ಸ್‌ವ್ಯಾಗನ್ ಹಿಂದೆ ಸರಿಯಿತು. ತಾನೇ ಬಿಡಿಸಿದ ಕಾರನ್ನು ಪೋರ್ಷೆ ದುಡ್ಡು ಕೊಟ್ಟು ವಾಪಸ್ ಪಡೆಯಿತು. ಅದೇ 924, ನನ್ನ 944ರ ಪೂರ್ವಜ. ಚಿತ್ರ ಬರೆದವರು ಹಾಲೆಂಡಿನ ಹಾರ್ಮ್ ಲಗಾಯ್. ಕಟ್ಟಿದ್ದು ಸ್ಟುಟ್‌ಗಾರ್ಟ್‌ನ ಪೋರ್ಷೆ ಕಾರ್ಖಾನೆಯಲ್ಲಲ್ಲ, ನೆಕರ್ಸುಲ್ಮ್‌ನ ಔಡಿ-ಎನ್‌ಎಸ್‌ಯು ಕಾರ್ಖಾನೆಯಲ್ಲಿ. ಆ ಕಾರ್ಖಾನೆಗೆ ಬೀಗ ಹಾಕುವ ಮಾತು ನಡೆದಿತ್ತು. 1975ರ ಏಪ್ರಿಲ್‌ನಲ್ಲಿ ಅಲ್ಲಿನ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಪಕ್ಕದ ಹೈಲ್‌ಬ್ರೊನ್ ಪಟ್ಟಣಕ್ಕೆ ಮೆರವಣಿಗೆ ಹೊರಟು ಕೆಲಸ ಉಳಿಸಿ ಎಂದು ಕೂಗಿದರು. ಅದೇ ವರ್ಷದ ಕೊನೆಗೆ ಅದೇ ಕೈಗಳು 924 ಜೋಡಿಸತೊಡಗಿದವು. ನನ್ನ 944 ಕೂಡ ಅಲ್ಲಿಯದೇ. ಬಾಗಿಲಿನ ಒಳಗಡೆ, ಯಾರಿಗೂ ಕಾಣದ ಜಾಗದಲ್ಲೂ ವೈರುಗಳನ್ನು ಒಪ್ಪವಾಗಿ ಸುತ್ತಿ ಕಟ್ಟಿರುವುದನ್ನು ನೋಡಿದಾಗ ನನಗೆ ಆ ಮೆರವಣಿಗೆ ನೆನಪಾಗುತ್ತದೆ.

924ಕ್ಕೆ ಬಂದ ಅಪವಾದ ಒಂದೇ: ಇದು ನಿಜವಾದ ಪೋರ್ಷೆ ಅಲ್ಲ, ವ್ಯಾನಿನ ಎಂಜಿನ್ನು. ಅದರ ಎರಡು ಲೀಟರ್ ಎಂಜಿನ್ ಮೂಲ ಔಡಿಯ ಮನೆಯದು, ಫೋಕ್ಸ್‌ವ್ಯಾಗನ್‌ನ ಎಲ್‌ಟಿ ವ್ಯಾನಿಗೂ ಅದನ್ನೇ ಹಾಕುತ್ತಿದ್ದರು ಎಂಬುದು ನಿಜ. ಆದರೆ ಇದೇ ವಂಶದ ಮೂರು 924 ಕರೇರಾ ಜಿಟಿಗಳು 1980ರ ಲ ಮಾನ್ 24 ಗಂಟೆಗಳ ಪಂದ್ಯಕ್ಕೆ ಹೋಗಿ ಮೂರೂ ಗುರಿ ಮುಟ್ಟಿದವು. ಒಂದು ಆರನೆಯ ಸ್ಥಾನ ಪಡೆಯಿತು. 944 ಬಂದಾಗ ಪೋರ್ಷೆಯದೇ ಎರಡೂವರೆ ಲೀಟರ್ ಎಂಜಿನ್ ಬಂತು. ಅಷ್ಟು ದೊಡ್ಡ ನಾಲ್ಕು ಸಿಲಿಂಡರ್ ಎಂಜಿನ್ ನಡುಗದೆ ಇರುವುದಿಲ್ಲ. ಆ ನಡುಕ ತಡೆಯಲು ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ ಎದುರುಬದುರು ತಿರುಗುವ ಎರಡು ಶಾಫ್ಟ್‌ಗಳನ್ನು ಇಟ್ಟರು. ಅದರ ಪೇಟೆಂಟ್ ಮಿತ್ಸುಬಿಷಿಯದಾಗಿತ್ತು. ಪೋರ್ಷೆ ಅದಕ್ಕೆ ಹಣ ತೆತ್ತು ಪರವಾನಗಿ ಪಡೆಯಿತು. 911ರ ಉತ್ಪಾದನೆ ನಿಲ್ಲಿಸುವ ಯೋಚನೆಯೂ ನಡೆದಿದ್ದ ಕಾಲದಲ್ಲಿ ಕಂಪನಿಯ ಒಲೆ ಉರಿಸಿದ್ದು ಈ ಎರಡು ಮಾದರಿಗಳು. ಈಗ 911 ಕೋಟಿಗಟ್ಟಲೆಗೆ ಹರಾಜಾಗುತ್ತದೆ. ದುಡಿದು ಹಾಕಿದ ಮಗ ಹಿತ್ತಲ ಕೋಣೆಯಲ್ಲಿದ್ದಾನೆ.

ಇಂಥ ಕಾರು ಇಟ್ಟುಕೊಳ್ಳುವುದು ಎಂದರೇನು ಎಂದು ಕೇಳಿದವರಿಗೆ ನಾನು ಗ್ಲೋವ್ ಬಾಕ್ಸ್ ತೆರೆದು ಒಂದು ರಿಲೇ ತೋರಿಸುತ್ತೇನೆ. ಬೆಂಕಿಪೊಟ್ಟಣದಷ್ಟೇ ಇರುವ ಪ್ಲಾಸ್ಟಿಕ್ ಡಬ್ಬಿ. ಎಂಜಿನ್ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ಕರೆಂಟು ಹೋಗುವುದು ಇದರ ಮೂಲಕ. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಒಳಗಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆಗ ಹೆದ್ದಾರಿಯಲ್ಲಿ ಓಡುತ್ತಿರುವ ಕಾರು ಸದ್ದಿಲ್ಲದೆ ನಿಂತುಹೋಗುತ್ತದೆ. ನನಗೆ ಹಾಗಾದದ್ದು ಮಗಳನ್ನು ಈಜಿನ ತರಗತಿಯಿಂದ ಕರೆತರುವಾಗ. ಕತ್ತಲೆ, ಮಳೆ, ಪಕ್ಕದಲ್ಲಿ ಲಾರಿಗಳ ಭೋರಾಟ. ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿ ಮೊಬೈಲ್ ಬೆಳಕಿನಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಒತ್ತಿದೆ. ‘ಟಕ್’ ಎಂದು ಕೂತಿತು. ಕೀಲಿ ತಿರುಗಿಸಿದ ತಕ್ಷಣ ಎಂಜಿನ್ ಹತ್ತಿಕೊಂಡಿತು. ಈ ಕಾರಿಟ್ಟ ಬಹುತೇಕರ ಹತ್ತಿರ ಒಂದು ರಿಲೇ ಹೆಚ್ಚಿಗೆ ಇರುತ್ತದೆ. ಕೊಳ್ಳುವ ಯೋಚನೆಯಿದ್ದವರಿಗೆ ನನ್ನ ಮೊದಲ ಸಲಹೆ ಅದೇ. ಎರಡನೆಯದು ಟೈಮಿಂಗ್ ಬೆಲ್ಟು. ಅದು ತುಂಡಾದರೆ ಪಿಸ್ಟನ್ನು ವಾಲ್ವಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಹಳೆಯ ಮಾಲೀಕ ಬೆಲ್ಟ್ ಬದಲಿಸಿದ ರಸೀದಿ ತೋರಿಸದಿದ್ದರೆ, ಬದಲಿಸಿಲ್ಲ ಎಂದೇ ತಿಳಿದು ವ್ಯಾಪಾರ ಮಾಡಿ.

ನಮ್ಮೂರಿನ ಇನ್ನೊಂದು ಕಾಟ ಉಪ್ಪು. ಡೆಟ್ರಾಯಿಟ್ ನಗರದ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಅದು ಕಾರಿನ ತಳದ ತಗಡನ್ನು ಗೆದ್ದಲಿನ ಹಾಗೆ ತಿನ್ನುತ್ತದೆ. 944ರ ಬಾಡಿಗೆ ಸತುವಿನ ಲೇಪವಿದೆ, ಆ ಮಟ್ಟಿಗೆ ಪುಣ್ಯ. ಆದರೂ ನವೆಂಬರ್‌ನಿಂದ ಏಪ್ರಿಲ್‌ವರೆಗೆ ನಾನು ಅದನ್ನು ಹೊರಗೆ ತೆಗೆಯುವುದಿಲ್ಲ. ಒಳಗಿಡುವ ಮುಂಚಿನ ಕೊನೆಯ ಸವಾರಿ ಆಯುಧಪೂಜೆಯ ದಿನ. ಅರಸೀಕೆರೆಯಿಂದ ಅಮ್ಮ ಬಂದಿದ್ದ ವರ್ಷ ಅವರೇ ಅರಿಸಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ‘ಹೊಸ ಕಾರಿಗಿಂತ ಇದಕ್ಕೇ ಜಾಸ್ತಿ ಬೇಕಪ್ಪ ದೃಷ್ಟಿ ತೆಗೆಯೋದು’ ಎಂದರು.

ಪ್ರದರ್ಶನಕ್ಕೆ ಒಯ್ಯುವುದು ಇನ್ನೊಂದು ಲೋಕ. ನನ್ನ ಕಾರಿನ ಬಣ್ಣಕ್ಕೆ ಮೇಲೊಂದು ಗಾಜಿನಂಥ ಪದರ ಇಲ್ಲ. ಬಿಸಿಲಿಗೆ ಕೆಂಪು ಮಂಕಾಗಿ ಗುಲಾಬಿಗೆ ತಿರುಗುತ್ತದೆ. ಪಾಲಿಶ್ ಹಚ್ಚಿ ಉಜ್ಜಿದರೆ ಬಟ್ಟೆಯ ತುಂಬ ಕುಂಕುಮ ಅಂಟಿದಂತೆ ಬಣ್ಣ ಬರುತ್ತದೆ. ಕೆಳಗಿನಿಂದ 1987ರ ಕೆಂಪು ಮೇಲೆದ್ದು ಬರುತ್ತದೆ. ಎಷ್ಟು ಉಜ್ಜಬೇಕೋ ಅಷ್ಟೇ ಉಜ್ಜಬೇಕು, ಬಟ್ಟೆಗೆ ಬಂದದ್ದು ಕಾರಿಗೆ ವಾಪಸ್ ಹೋಗುವುದಿಲ್ಲ. ಕೈಗೆಟುಕದ ಸಂದಿಗಳಿಗೆ ಹಲ್ಲುಜ್ಜುವ ಬ್ರಶ್ಶು, ಏರ್ ಕಂಡಿಷನರ್ ಕಿಂಡಿಗೆ ಕಿವಿಗೆ ಹಾಕುವ ಹತ್ತಿಕಡ್ಡಿ. 1955ರಲ್ಲಿ ಹುಟ್ಟಿದ ಪೋರ್ಷೆ ಕ್ಲಬ್ ಆಫ್ ಅಮೆರಿಕದ ಶಾಖೆಗಳು ಊರೂರಲ್ಲಿ ಇವೆ. ಅವು ನಡೆಸುವ ಪ್ರದರ್ಶನಗಳಲ್ಲಿ, ಹುಲ್ಲಿನ ಮೈದಾನದಲ್ಲಿ 911ಗಳ ಸಾಲುಗಳು ಮುಗಿದ ಮೇಲೆ, ಮರದ ನೆರಳು ದಾಟಿ, ಕೊನೆಗೆ ನಾವು ಮೂರೋ ನಾಲ್ಕೋ ಜನ.

ನನ್ನ ಮೊದಲ ಪ್ರದರ್ಶನದಲ್ಲಿ ತೀರ್ಪುಗಾರರು ಹೊಳಪಿನ ಕಡೆ ಹೆಚ್ಚು ನೋಡಲೇ ಇಲ್ಲ. ಡಿಕ್ಕಿ ತೆರೆಸಿ, ‘ಕಂಪ್ರೆಸರ್ ಇದೆಯೇ?’ ಎಂದು ಕೇಳಿದರು. 944ರ ಸ್ಟೆಪ್ನಿ ಗಾಳಿ ಇಲ್ಲದೆ ಮುದುಡಿರುವ ಟಯರು. ಪಂಕ್ಚರ್ ಆದಾಗ ಊದಲು ಕಾರಿನ ಜೊತೆಗೇ ಒಂದು ಪುಟ್ಟ ಕರೆಂಟ್ ಪಂಪು ಕೊಟ್ಟಿದ್ದರು. ಬಹಳ ಜನ ಅದನ್ನು ಕಳೆದುಕೊಂಡಿದ್ದಾರೆ. ನನ್ನದಿತ್ತು, ಕೆಲಸವನ್ನೂ ಮಾಡುತ್ತಿತ್ತು. ಆಮೇಲೆ ಟೂಲ್ ಚೀಲ ಬಿಚ್ಚಿಸಿದರು. ಸ್ಕ್ರೂಡ್ರೈವರ್ ಆ ಕಾಲದ್ದಲ್ಲ, ಅಂಕ ಹೋಯಿತು. ಬಾನೆಟ್ಟಿನಡಿ ಒಂದು ಹೋಸ್ ಕ್ಲಿಪ್ ಹೊಸ ಮಾದರಿಯದು, ಇನ್ನೊಂದು ಅಂಕ ಹೋಯಿತು. ನನಗೆ ಬೇಸರವಾಗಲಿಲ್ಲ. ಇಷ್ಟು ಶ್ರದ್ಧೆಯಿಂದ ಒಬ್ಬರು ಈ ಕಾರನ್ನು ನೋಡಿದ್ದು ಅದೇ ಮೊದಲು. ಆ ಸ್ಕ್ರೂಡ್ರೈವರ್ ಹುಡುಕಲು ಎರಡು ವರ್ಷ ಹಿಡಿಯಿತು.

ಈ ದುರದೃಷ್ಟ ಪೋರ್ಷೆಯದು ಮಾತ್ರ ಅಲ್ಲ. ನಮ್ಮ ಬೀದಿಯಲ್ಲೇ 1988ರ ಪಾಂಟಿಯಾಕ್ ಫಿಯೇರೊ ಇಟ್ಟುಕೊಂಡ ನಿವೃತ್ತ ಕಾರ್ಮಿಕರೊಬ್ಬರಿದ್ದಾರೆ. ಎಂಜಿನ್ನು ನಡುವಿಗಿಟ್ಟ, ಮೇಲ್ಮೈಗೆಲ್ಲ ಪ್ಲಾಸ್ಟಿಕ್ ಹಲಗೆ ಹೊದಿಸಿದ ಆ ಎರಡು ಸೀಟಿನ ಕಾರು ತಯಾರಾಗಿದ್ದು ಇಲ್ಲೇ ಪಾಂಟಿಯಾಕ್ ಊರಿನಲ್ಲಿ, 3 ಲಕ್ಷ 70 ಸಾವಿರ. ಮೊದಲ ವರ್ಷದ ಕೆಲವು ಕಾರುಗಳ ಎಂಜಿನ್ನಿಗೆ ಬೆಂಕಿ ಹತ್ತಿ ಕೆಟ್ಟ ಹೆಸರು ಬಂತು. ದೋಷಗಳನ್ನೆಲ್ಲ ತಿದ್ದಿ, ಸಸ್ಪೆನ್ಷನ್ ಹೊಸದಾಗಿ ಮಾಡಿ ಕೂರಿಸಿದ 1988ರಲ್ಲೇ ಅದನ್ನು ನಿಲ್ಲಿಸಿಬಿಟ್ಟರು. ಡ್ರೀಮ್ ಕ್ರೂಸ್ ಹಾದುಹೋಗುವ ರಸ್ತೆ ಅದು ಹುಟ್ಟಿದ ಊರನ್ನೇ ಮುಟ್ಟುತ್ತದೆ, ಆದರೂ ಅದಕ್ಕೆ ಶಿಳ್ಳೆ ಇಲ್ಲ.

ಆದರೂ ಇಂಥ ಕಾರುಗಳಿಗೆ ಇಲ್ಲಿ ಒಂದು ಮನ್ನಣೆಯಿದೆ: ಮಿಶಿಗನ್ ರಾಜ್ಯದಲ್ಲಿ 25 ವರ್ಷ ದಾಟಿದ ಕಾರಿಗೆ ಐತಿಹಾಸಿಕ ವಾಹನದ ನಂಬರ್ ಪ್ಲೇಟ್ ಸಿಗುತ್ತದೆ. ಭಾರತದಲ್ಲಿ 2021ರಲ್ಲಿ ಬಂದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ತುಂಬಬೇಕು. ಧರ್ಮಸ್ಥಳದ ಸಂಗ್ರಹದಲ್ಲಿ ನಿಂತಿರುವಂಥ ಹಿರಿಯ ಕಾರುಗಳಿಗೆ ಅದು ಸರಿ. ಎಂಬತ್ತು, ತೊಂಬತ್ತರ ದಶಕದ ಕಾರುಗಳ ಗತಿಯೇನು? ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ನೆನಪಿದೆಯೇ? ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಅಚ್ಚಿನದು, ಫೈಬರ್ ಬಾಡಿ, 848 ಸಿಸಿ ಎಂಜಿನ್. ಹಗುರವಾಗಿದ್ದದ್ದರಿಂದ ರ‍್ಯಾಲಿಗಳಲ್ಲೂ ರೇಸುಗಳಲ್ಲೂ ನಮ್ಮ ಹುಡುಗರು ಅದನ್ನು ಓಡಿಸಿದರು. ಮಾರುತಿ ಬಂದ ಮೇಲೆ ಅದನ್ನು ಕೇಳುವವರಿಲ್ಲವಾಯಿತು. ಕನ್ನಡ ನೆಲದಲ್ಲಿ ಹುಟ್ಟಿದ ಕಾರು ಅದು.

ನಿಮ್ಮ ಮನೆಯ ಶೆಡ್ಡಿನಲ್ಲೋ ಸೋದರಮಾವನ ತೋಟದ ಮನೆಯಲ್ಲೋ ಅಂಥದೊಂದು ನಿಂತಿದ್ದರೆ, ಗುಜರಿಯವನು ಹೇಳುವ ಬೆಲೆಗೆ ಕೊಟ್ಟುಬಿಡಬೇಡಿ. ಟಯರ್ ನೆಲಕ್ಕೆ ಅಂಟದಂತೆ ಇಟ್ಟಿಗೆಯ ಮೇಲೆ ಎತ್ತಿಡಿ, ಮೇಲೊಂದು ಟಾರ್ಪಾಲು ಹೊದಿಸಿ, ಆರ್‌ಸಿ ಪುಸ್ತಕ ಹುಡುಕಿ ಜೋಪಾನ ಮಾಡಿ. 1982ರಲ್ಲಿ ನೋಂದಣಿಯಾದ ಡಾಲ್ಫಿನ್‌ಗೆ 50 ತುಂಬುವುದು 2032ರಲ್ಲಿ. ಅಲ್ಲಿಯವರೆಗೆ ಅದನ್ನು ಉಳಿಸಬೇಕಾದವರು ಮನೆಯವರೇ.