ಜೇನು ಕುಟುಕಿದಾಗ: ಕೈಯ ಬಾವು ಮತ್ತು ಪ್ರಾಣಭಯ

ಗೋಕಾಕ ಸೀಮೆಯ ಮಮದಾಪುರದಲ್ಲಿ ಬೇಸಾಯ ಮಾಡಿಕೊಂಡಿರುವ ನಮ್ಮ ಸಂಬಂಧಿಕರೊಬ್ಬರು ಹೊಲದ ಬದುವಿನಲ್ಲಿ ಎರಡು ಜೇನುಪೆಟ್ಟಿಗೆ ಇಟ್ಟಿದ್ದಾರೆ. ಬೆರಳಿಗೆ ಒಂದು ಹುಳ ಕುಟುಕಿ, ಮಾರನೆಯ ದಿನ ಮೊಣಕೈವರೆಗೆ ಬಾತುಕೊಂಡಿತಂತೆ. ಪೆಟ್ಟಿಗೆಗಳನ್ನು ಕೊಟ್ಟುಬಿಡಲೇ ಎಂದು ಕೇಳಿ ಬರೆದಿದ್ದಾರೆ. ಕಾಫಿ ಹೂವಿನ ಕಾಲದಲ್ಲಿ ನಮ್ಮ ಸದಸ್ಯರೂ ಸಂಘದ ಕಚೇರಿಗೆ ಬಂದು ಇದನ್ನೇ ಕೇಳುವುದುಂಟು. ರೊಬಸ್ಟಾ ಗಿಡಕ್ಕೆ ಬೇರೆ ಗಿಡದ ಪರಾಗ ಬಾರದೆ ಕಾಯಿ ಕಟ್ಟುವುದಿಲ್ಲ. ಆದ್ದರಿಂದ ಜೇನು ಬಿಡಿ ಎನ್ನಲು ನಮಗೆ ಮನಸ್ಸಿಲ್ಲ.

ಕುಟುಕಿದ ಕೈಯಷ್ಟೇ ಬಾತರೆ ಅದು ಸ್ಥಳೀಯ ಪರಿಣಾಮ. ಒಂದೆರಡು ದಿನ ಏರಿ, ವಾರ ಹತ್ತು ದಿನಗಳಲ್ಲಿ ಇಳಿಯುತ್ತದೆ. ಹುಳದ ಮುಳ್ಳಿಗೆ ಗರಗಸದಂಥ ಹಲ್ಲುಗಳಿರುವುದರಿಂದ ಅದು ವಿಷದ ಚೀಲದೊಡನೆ ಚರ್ಮದಲ್ಲೇ ಉಳಿದು, ಹುಳ ಹಾರಿಹೋದ ಮೇಲೂ ವಿಷ ತಳ್ಳುತ್ತಿರುತ್ತದೆ. ಚಿಮಟ ಹುಡುಕುತ್ತ ನಿಲ್ಲಬಾರದು. ಉಗುರಿನಿಂದಲೋ ಹೇಗೋ, ಕ್ಷಣಗಳಲ್ಲಿ ಕಿತ್ತೊಗೆಯಬೇಕು. ಆಮೇಲೆ ಸೋಪಿನಿಂದ ತೊಳೆದು ತಣ್ಣೀರಿನ ಬಟ್ಟೆ ಕಟ್ಟಿ, ಕೈಯನ್ನು ಎತ್ತರದಲ್ಲಿಡುವುದು. ಉಂಗುರವನ್ನು ಬಾವು ಏರುವ ಮೊದಲೇ ತೆಗೆಯಿರಿ.

ಮುಳ್ಳು ನಾಟಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಹೊರಟು ಉಳಿದ ಹುಳಗಳನ್ನು ಅಲ್ಲಿಗೇ ಕರೆಯುತ್ತದೆ. ಹೊಗೆತಿದಿಯ ಹೊಗೆ ಆ ವಾಸನೆಯನ್ನು ಮರೆಮಾಡುತ್ತದೆ. ಆದ್ದರಿಂದಲೇ ಕುಟುಕಿದ ಜಾಗಕ್ಕೂ ಸ್ವಲ್ಪ ಹೊಗೆ ಹಾಯಿಸಬೇಕು.

ಮೈಮೇಲೆ ಬರುವ ಪರಿಣಾಮದ ಕಥೆ ಬೇರೆ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲಿ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದ ಆಳಿಗೆ ಕುತ್ತಿಗೆಯ ಮೇಲೆ ಒಂದೇ ಒಂದು ತುಡುವೆ ಕುಟುಕಿತು. ಹತ್ತು ನಿಮಿಷದೊಳಗೆ ಅಂಗೈ ತುರಿಕೆ, ಮೈತುಂಬ ದದ್ದು, ವಾಂತಿ. ನಾವು ಸುಣ್ಣ ಹಚ್ಚಿಸಿ, ಮಜ್ಜಿಗೆ ಕುಡಿಸಿ, ನೆರಳಿನಲ್ಲಿ ಕೂರಿಸಿದೆವು. ಹಿಂದಿನ ವರ್ಷ ಹತ್ತಾರು ಕುಟುಕು ತಿಂದು ನಕ್ಕವನಿಗೆ ಇದೇನು ಮಹಾ ಎಂದುಕೊಂಡೆವು. ದನಿ ಕಟ್ಟಿ ಉಸಿರು ಸಿಕ್ಕಿಕೊಂಡಾಗಲೇ ಜೀಪು ಹೊರಡಿಸಿದ್ದು. ಆಸ್ಪತ್ರೆಯಲ್ಲಿ ಅಡ್ರಿನಲಿನ್ ಚುಚ್ಚಿದ ಮೇಲೆ ಜೀವ ಬಂದಂತಾಯಿತು. ಕಳೆದುಹೋದ ಆ ಅರ್ಧ ಗಂಟೆ ಪೂರ್ತಿ ನಮ್ಮದೇ ತಪ್ಪು. ಓದಿದವರೆಂಬ ಹೆಸರು ಬೇರೆ!

ದೂರದ ಅಂಗಕ್ಕೆ ದದ್ದು, ನಾಲಿಗೆ ದಪ್ಪವಾಗುವುದು, ತಲೆ ತಿರುಗುವುದು, ಉಸಿರುಗಟ್ಟುವುದು ಕಂಡರೆ ತಡಮಾಡದೆ 108ಕ್ಕೆ ಹೇಳಿ. ರೋಗಿಯನ್ನು ಮಲಗಿಸಿ ಕಾಲೆತ್ತಿಡಿ. ಉಸಿರಿಗೆ ಕಷ್ಟವಾದರೆ ಒರಗಿಸಿ ಕೂರಿಸಿ, ನಡೆಸಬೇಡಿ. ತುರಿಕೆಯ ಮಾತ್ರೆ ಅಡ್ರಿನಲಿನ್‌ಗೆ ಬದಲಿಯಲ್ಲ. ಸುಧಾರಿಸಿದವರಿಗೂ ಕೆಲವು ತಾಸಿನ ಮೇಲೆ ಮತ್ತೆ ಮರುಕಳಿಸಬಹುದು. ವೈದ್ಯರು ಬಿಡುವವರೆಗೆ ಅಲ್ಲೇ ಇರಬೇಕು. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಅದನ್ನು ಮರೆಯದೆ ತಿಳಿಸಬೇಕು. ಕೆಲವು ಮಾತ್ರೆಗಳು ಈ ಚುಚ್ಚುಮದ್ದಿನ ಬಲ ಕುಗ್ಗಿಸುತ್ತವೆ. ಹೆಜ್ಜೇನು ಮುತ್ತಿ ಹತ್ತಾರು ಕಡೆ ಕುಟುಕಿದ್ದರೆ ಒಗ್ಗದಿಕೆಯ ಮಾತೇ ಬೇಡ, ವಿಷವೇ ಮೂತ್ರಪಿಂಡಕ್ಕೆ ಕೇಡು ಮಾಡಬಲ್ಲದು.

ಇನ್ನು ಕೈಗವಸು. ದಪ್ಪ ಚರ್ಮದ್ದು ಮುಳ್ಳು ತಡೆಯುತ್ತದೆ, ಆದರೆ ಬೆರಳಿಗೆ ಅಂದಾಜು ಸಿಗದೆ ಚೌಕಟ್ಟು ಎತ್ತುವಾಗ ಹುಳ ಜಜ್ಜಿಹೋಗುತ್ತವೆ. ಜಜ್ಜಿದರೆ ಸಿಟ್ಟು ಹೆಚ್ಚು. ಪಾತ್ರೆ ತೊಳೆಯುವ ರಬ್ಬರು ಕೈಗವಸು ತುಡುವೆಗೆ ಸಾಕೆಂದು ನಮ್ಮ ಅನುಭವ. ಮಣಿಕಟ್ಟಿಗೆ ತೋಳಿನ ಬಟ್ಟೆ ಸೇರಿಸಿ ರಬ್ಬರು ಪಟ್ಟಿ ಹಾಕಿ. ಕೆಲಸ ಮುಗಿದೊಡನೆ ತೊಳೆಯದಿದ್ದರೆ ಹಳೆಯ ಮುಳ್ಳಿನ ವಾಸನೆ ಮುಂದಿನ ಸಲ ಕುಟುಕು ತರಿಸುತ್ತದೆ.

ಮಮದಾಪುರಕ್ಕೆ ಹೀಗೆ ಬರೆದಿದ್ದೇವೆ: ಪೆಟ್ಟಿಗೆ ಇರಲಿ, ಒಮ್ಮೆ ವೈದ್ಯರಿಗೆ ಕೈ ತೋರಿಸಿ. ಒಬ್ಬರೇ ಹೋಗಿ ಮುಚ್ಚಳ ತೆರೆಯಬೇಡಿ, ಜೇಬಿನಲ್ಲಿ ಫೋನು ಇರಲಿ.